ಓದುಗರ ಪ್ರಶ್ನೆ: ಕಂಪ್ಯೂಟರ್ ಕೂಲರ್‌ನ ತಳವನ್ನು ಉಜ್ಜಿ ಸಮ ಮಾಡಬಹುದೇ?

ಪ್ರಶ್ನೆ: ಮದುವೆ ಸಮಾರಂಭಗಳ ವಿಡಿಯೊ ಎಡಿಟಿಂಗ್ ಮಾಡುವ ಸಣ್ಣ ಸ್ಟುಡಿಯೊ ನನ್ನದು. ಬೇಸಿಗೆಯಲ್ಲಿ ರೆಂಡರಿಂಗ್‌ಗೆ (ಅಂತಿಮ ವಿಡಿಯೊ ತಯಾರಿಗೆ) ಹಾಕಿದರೆ ಪ್ರೊಸೆಸರ್ 95 ಡಿಗ್ರಿ ಮುಟ್ಟಿ ಕಂಪ್ಯೂಟರ್ ನಿಧಾನವಾಗುತ್ತದೆ. ಪ್ರೊಸೆಸರ್ ಮೇಲೆ ಕೂತು ಅದರ ಶಾಖ ಹೀರುವ ಕೂಲರ್ ಬಿಚ್ಚಿ ನೋಡಿದಾಗ ತಾಮ್ರದ ತಳದಲ್ಲಿ ಉಗುರಿಗೆ ಸಿಗುವಷ್ಟು ಗೆರೆಗಳಿದ್ದವು. ಅವೆರಡರ ಮಧ್ಯೆ ಹಚ್ಚುವ ಪೇಸ್ಟ್ ನಡುಭಾಗದಲ್ಲಿ ದಪ್ಪವಾಗಿಯೂ ಅಂಚಿನಲ್ಲಿ ತೆಳುವಾಗಿಯೂ ಉಳಿದಿತ್ತು. ತಳವನ್ನು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿದರೆ ಪ್ರಯೋಜನವಿದೆಯೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಪ್ರಯೋಜನವಿದೆ, ಆದರೆ ಅದು ಬರುವುದು ಹೊಳಪಿನಿಂದಲ್ಲ. ತಾಮ್ರದ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 400 ವಾಟ್. ಗಾಳಿಯದು ಸುಮಾರು 0.026 ಮಾತ್ರ. ಎರಡು ಲೋಹಗಳ ನಡುವೆ ಉಳಿಯುವ ಗಾಳಿಯನ್ನು ಹೊರದೂಡುವುದಷ್ಟೇ ಪೇಸ್ಟ್‌ನ ಕೆಲಸ. ಪೇಸ್ಟ್ ಗಾಳಿಗಿಂತ ಎಷ್ಟೋ ಮೇಲಾದರೂ ತಾಮ್ರಕ್ಕೆ ಹೋಲಿಸಿದರೆ ಬಹಳ ಹಿಂದೆ ಇರುವುದರಿಂದ, ಅದರ ಪದರ ಎಷ್ಟು ತೆಳುವಾಗಿದ್ದರೆ ಅಷ್ಟು ಒಳ್ಳೆಯದು. ಸಣ್ಣ ಗೆರೆಗಳನ್ನು ಪೇಸ್ಟ್ ತುಂಬಿಕೊಳ್ಳುತ್ತದೆ. ನಡುಭಾಗದ ತಗ್ಗನ್ನು ತುಂಬಿದರೆ ಅಲ್ಲಿ ಅದೇ ದಪ್ಪ ಪದರವಾಗಿ ಶಾಖಕ್ಕೆ ಅಡ್ಡಿಯಾಗುತ್ತದೆ. ನಿಮ್ಮ ವಿವರಣೆಯಲ್ಲಿ ನನಗೆ ಮುಖ್ಯವೆನಿಸಿದ್ದು ಗೆರೆಗಳಿಗಿಂತ ನಡುವೆ ಉಳಿದ ಆ ದಪ್ಪ ಪೇಸ್ಟ್.

ಆ ತಗ್ಗು ಕೂಲರ್‌ನದೋ ಪ್ರೊಸೆಸರ್‌ನ ಲೋಹದ ಮುಚ್ಚಳದ್ದೋ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಎರಡನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಸ್ಟೀಲ್ ಸ್ಕೇಲಿನ ಅಂಚನ್ನು ಅಡ್ಡಲಾಗಿ, ಉದ್ದಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಬೆಳಕಿಗೆ ಹಿಡಿದರೆ, ಯಾವುದರ ನಡುವೆ ಬೆಳಕು ಇಣುಕುತ್ತದೆಯೋ ಅದು ತಗ್ಗಾಗಿದೆ. ಕೆಲವು ಕಂಪನಿಗಳು ತಳವನ್ನು ಬೇಕೆಂದೇ ನಡುವೆ ತುಸು ಉಬ್ಬಿಸಿ ತಯಾರಿಸುತ್ತವೆ. ಅಂಥದ್ದನ್ನು ಉಜ್ಜಿ ಸಮ ಮಾಡಿದರೆ ನಷ್ಟವೇ ಆದೀತು. ಶಾಖವನ್ನು ಮೇಲಿನ ರೆಕ್ಕೆಗಳಿಗೆ ಒಯ್ಯುವ ಹೀಟ್ ಪೈಪುಗಳೇ ನೇರವಾಗಿ ತಳದಲ್ಲಿ ಕಾಣುವ ಕೂಲರ್ ಆಗಿದ್ದರೆ ಉಜ್ಜುವ ಯೋಚನೆಯನ್ನೇ ಬಿಡಿ, ಏಕೆಂದರೆ ಆ ಕೊಳವೆಗಳ ಗೋಡೆ ತೆಳು, ತೂತಾದರೆ ಕೂಲರ್ ಕೆಲಸಕ್ಕೆ ಬಾರದು.

ತಗ್ಗು ಕೂಲರ್‌ನದೇ ಎಂದಾದರೆ ಫ್ಯಾನ್ ಕಳಚಿ, ರೆಕ್ಕೆಗಳಿಗೆ ಟೇಪ್ ಸುತ್ತಿ ಕೆಲಸ ಆರಂಭಿಸಬಹುದು. ಕನ್ನಡಿ ಅಂಗಡಿಯಲ್ಲಿ ಸಿಗುವ ದಪ್ಪ ಗಾಜಿನ ತುಂಡು ಇದಕ್ಕೆ ತಕ್ಕ ಹಾಸು. ಮರದ ಹಲಗೆಯಾಗಲಿ ಅಡುಗೆಮನೆಯ ಕಲ್ಲಾಗಲಿ ಅಷ್ಟು ಸಮವಾಗಿರುವ ಭರವಸೆಯಿಲ್ಲ. ಉಪ್ಪುಕಾಗದದ ಬದಲು, ಕಾರಿಗೆ ಬಣ್ಣ ಹೊಡೆಯುವವರು ಬಳಸುವ ವಾಟರ್ ಪೇಪರ್ ತನ್ನಿ. 400, 600, 800, 1000ರ ಒಂದೊಂದು ಹಾಳೆ ಸಾಕು. ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ. ಹಾಳೆಯನ್ನು ಗಾಜಿಗೆ ಬಿಗಿಯಾಗಿ ಅಂಟಿಸಿ, ಪಾತ್ರೆ ತೊಳೆಯುವ ದ್ರಾವಣದ ಒಂದು ಹನಿ ಬೆರೆಸಿದ ನೀರು ಚಿಮುಕಿಸಿ. ತಳದ ಮೇಲೆ ಮಾರ್ಕರ್ ಪೆನ್ನಿನಿಂದ ಅಡ್ಡ-ಉದ್ದ ಗೆರೆಗಳನ್ನು ಎಳೆದು, ಕೂಲರನ್ನು ಬುಡದ ಹತ್ತಿರ ಹಿಡಿದು, ಒತ್ತದೆ, ಅದರ ಸ್ವಂತ ಭಾರದಲ್ಲೇ ನಿಮ್ಮ ಕಡೆಗೆ ಎಳೆಯಿರಿ. ಆಗಾಗ ಕಾಲು ಸುತ್ತು ತಿರುಗಿಸಿ ಹಿಡಿಯಿರಿ. ಎತ್ತರದ ಕೂಲರನ್ನು ಮೇಲ್ಭಾಗದಲ್ಲಿ ಹಿಡಿದರೆ ಅದು ತೊನೆದಾಡಿ ಅಂಚುಗಳೇ ಹೆಚ್ಚು ಸವೆಯುತ್ತವೆ. ಇಂಥ ಕೆಲಸಗಳು ಕೆಡುವುದು ಬಹುಪಾಲು ಇಲ್ಲಿಯೇ.

ಕೆಲವು ಎಳೆತಗಳ ನಂತರ ತಿರುಗಿಸಿ ನೋಡಿದರೆ ಅಂಚಿನ ಶಾಯಿ ಅಳಿಸಿ, ನಡುವೆ ಕಪ್ಪು ಮಚ್ಚೆಯೊಂದು ಉಳಿದಿರುತ್ತದೆ. ಅದೇ ತಗ್ಗು. ಆ ಮಚ್ಚೆ ಕುಗ್ಗುತ್ತಾ ಕುಗ್ಗುತ್ತಾ ಪೂರ್ತಿ ಮಾಯವಾಗುವವರೆಗೆ 400ರಲ್ಲೇ ಇರಿ, ಆತುರಪಟ್ಟು ಮುಂದಿನ ಹಾಳೆಗೆ ಹೋಗಬೇಡಿ. ನಂತರದ ಹಾಳೆಗಳ ಕೆಲಸ ಹಿಂದಿನ ಗೀರುಗಳನ್ನು ಅಳಿಸುವುದಷ್ಟೇ. ಪ್ರತಿ ಬದಲಾವಣೆಗೂ ಮುನ್ನ ತಳವನ್ನೂ ಗಾಜನ್ನೂ ತೊಳೆಯಬೇಕು. 1000ಕ್ಕೆ ನಿಲ್ಲಿಸಿದರೆ ಸಾಕು. 2000ದವರೆಗೆ ಹೋಗಿ ಮುಖ ನೋಡಿಕೊಳ್ಳುವ ಆಸೆಯಿದ್ದರೆ ನನ್ನ ಆಕ್ಷೇಪವಿಲ್ಲ, ಉಷ್ಣತೆಯಲ್ಲಿ ಅದರಿಂದ ಹೇಳಿಕೊಳ್ಳುವಂಥ ಇಳಿಕೆಯೇನೂ ಆಗದು. ತಾಮ್ರದ ಪುಡಿ ವಿದ್ಯುತ್‌ವಾಹಕವಾದ್ದರಿಂದ ಕೂಲರನ್ನು ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿಯೇ ಜೋಡಿಸಿ. ತಳಕ್ಕೆ ನಿಕಲ್ ಲೇಪನವಿದ್ದರೆ ಅದು ಹೋಗಿ ತಾಮ್ರ ಕಾಣುತ್ತದೆ. ಕ್ರಮೇಣ ಮಂಕಾದರೂ ಚಿಂತೆಯಿಲ್ಲ. ವಾರಂಟಿ ಮಾತ್ರ ಉಳಿಯದು.

ಇಷ್ಟೆಲ್ಲ ಮಾಡಿದರೂ ಫ್ಯಾನಿನ ಇಂಥ ಯಾವ ಕೂಲರ್ ಕೂಡ ಪ್ರೊಸೆಸರನ್ನು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ಏಪ್ರಿಲ್‌ನ ಮಂಡ್ಯದಲ್ಲಿ ಕಿಟಕಿ ಮುಚ್ಚಿದ ಸ್ಟುಡಿಯೊ ಎಷ್ಟು ಕಾದಿರುತ್ತದೆ ಎಂಬುದು ನಿಮಗೇ ಗೊತ್ತು. ಆದ್ದರಿಂದ ಹೊಸ ಪೇಸ್ಟ್ ಹಚ್ಚಿ, ನಾಲ್ಕೂ ಸ್ಕ್ರೂಗಳನ್ನು ಎದುರು-ಬದುರಾಗಿ ಸಮನಾಗಿ ಬಿಗಿದು, ಕ್ಯಾಬಿನೆಟ್ಟಿನ ದೂಳು ತೆಗೆದು ಒಮ್ಮೆ ಪರೀಕ್ಷಿಸಿದ ನಂತರವೇ ಉಜ್ಜುವ ಕೆಲಸಕ್ಕೆ ಕೈಹಾಕಿ.

ಪ್ರಶ್ನೆ: ಕೂಲರ್‌ನಂತೆಯೇ ಪ್ರೊಸೆಸರನ್ನೂ ಉಜ್ಜಬಹುದೇ? ನನ್ನದರಲ್ಲಿ ಪ್ರೊಸೆಸರ್ ಕೂರುವುದು ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್‌ನಲ್ಲಿ.
— ವಿದ್ಯಾರ್ಥಿ, ಮೈಸೂರು

ಉತ್ತರ: ಮಾಡುವವರಿದ್ದಾರೆ, ನಾನು ಸಲಹೆ ಕೊಡಲಾರೆ. 2021ರಲ್ಲಿ ಬಂದ ಈ ಸಾಕೆಟ್‌ನಲ್ಲಿ ಬಿಗಿಪಟ್ಟಿಯು ಪ್ರೊಸೆಸರನ್ನು ನಡುವೆ ಒತ್ತಿ ತುಸು ಬಾಗಿಸುತ್ತದೆ; ಹೊರಗೆ ತೆಗೆದು ಉಜ್ಜಿದರೂ ಮತ್ತೆ ಬಿಗಿದಾಗ ಬಾಗುತ್ತದೆ. ಒತ್ತಡವನ್ನು ಅಂಚುಗಳಿಗೆ ಹಂಚುವ ಕಾಂಟ್ಯಾಕ್ಟ್ ಫ್ರೇಮ್ ಎಂಬ ಚೌಕಟ್ಟು ಇದಕ್ಕೆಂದೇ ಮಾರಾಟಕ್ಕಿದೆ. ಲ್ಯಾಪ್‌ಟಾಪ್‌ನ ಚಿಪ್‌ಗೆ ಸಾಮಾನ್ಯವಾಗಿ ಮುಚ್ಚಳವಿರುವುದಿಲ್ಲ, ಬರಿಯ ಸಿಲಿಕಾನ್ ಕಾಣುತ್ತದೆ; ಅದರ ಹತ್ತಿರ ಯಾವ ಕಾಗದವನ್ನೂ ಒಯ್ಯಬೇಡಿ.