ಮಾತು ಕಡಿಮೆ ಇದ್ದವರು ಮ್ಯಾನೇಜರ್ ಆಗಬಾರದೇ?

ಪ್ರಶ್ನೆ: ವಯಸ್ಸು 37. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವನು, 2 ವರ್ಷದಿಂದ ಪ್ರೊಡಕ್ಷನ್ ಮ್ಯಾನೇಜರ್. ಕೆಲಸ ಅಚ್ಚುಕಟ್ಟು, ಮಾತು ಕಡಿಮೆ, ಚಿಂತೆ ಜಾಸ್ತಿ. ‘ನಿನಗ ಕೆರಿಯರ್ ಮ್ಯಾಲೆ ಖರೇನ ಮನಸಿಲ್ಲ’ ಅಂತಾರ ಸಾಹೇಬರು. ಬಿಟ್ಟು ಗದಗಿನ ಅಣ್ಣನ ಅಂಗಡಿ ಸೇರಲೇನ್ರಿ?

ಉತ್ತರ: ಈಗಲೇ ರಾಜೀನಾಮೆ ಬರೆಯಬೇಡಿ. ಸಾಹೇಬರು ನಿಮ್ಮ ಮೌನವನ್ನು ನಿರಾಸಕ್ತಿ ಎಂದು ಓದಿದ್ದಾರೆ. ಸಂಶೋಧಕರಾದ ಬ್ಯಾರಿಕ್ ಮತ್ತು ಮೌಂಟ್ 1991ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಎಲ್ಲ ಬಗೆಯ ಉದ್ಯೋಗದಲ್ಲೂ ಒಳ್ಳೆಯ ಕೆಲಸದ ಜೊತೆ ಕಂಡ ಗುಣ ಶಿಸ್ತು-ಹೊಣೆಗಾರಿಕೆ. ಮಾತುಗಾರಿಕೆಯ, ಜನರೊಡನೆ ಬೆರೆಯುವ ಸ್ವಭಾವವೂ ಮ್ಯಾನೇಜರುಗಳಿಗೆ ನೆರವಾಗುತ್ತದೆ, ನಿಜ. ಆದರೆ ಅದು ಕೆಲಸದ ಗುಣಮಟ್ಟದ ಮಾತು. ವೃತ್ತಿಯ ಮೇಲಿನ ಮನಸ್ಸಿನ ಲೆಕ್ಕವೇ ಬೇರೆ.

ಮೆಯರ್ ಮತ್ತು ಆಲೆನ್ ಎಂಬ ಸಂಶೋಧಕರು ಕೆಲಸದ ಮೇಲಿನ ಬದ್ಧತೆಯನ್ನು ಮೂರಾಗಿ ಬಿಡಿಸಿದರು: ಇಷ್ಟಪಟ್ಟು ಉಳಿಯುವುದು, ಬಿಟ್ಟರೆ ನಷ್ಟವೆಂದು ಅಂಜಿ ಉಳಿಯುವುದು, ಋಣವೆಂದು ಉಳಿಯುವುದು. ಚಿಂತೆಯ ಸ್ವಭಾವದವರು ಎರಡನೆಯದಕ್ಕೆ ಹೆಚ್ಚು ವಾಲುತ್ತಾರೆ. ಹೊರಗೆ ನಿಷ್ಠೆಯಂತೆ ಕಂಡರೂ ಒಳಗೆ ಮನಸ್ಸು ಬಳಲುತ್ತಿರುತ್ತದೆ. ನಿಮ್ಮದು ಯಾವುದೆಂದು ಮೊದಲು ತಿಳಿಯಬೇಕು.

6 ವಾರ ಒಂದು ನೋಟ್‌ಬುಕ್ ಇಡಿ. ಕೆಲಸ ಮುಗಿಸಿ ಗೇಟ್ ದಾಟುವ ಮುಂಚೆ 5 ನಿಮಿಷ ಬರೆಯಿರಿ: ಇಂದು ಯಾವ ಕೆಲಸ ಹುರುಪು ಕೊಟ್ಟಿತು, ಯಾವುದು ಹಿಂಡಿತು, ಹಿಂಡಿದ್ದು ಕೆಲಸವೇ, ಸಾಹೇಬರೇ, ಕಂಪನಿಯೇ? ರಾತ್ರಿ ಹಾಸಿಗೆಯಲ್ಲಿ ಬರೆಯಬೇಡಿ. ದಣಿವಿನಲ್ಲಿ ಎಲ್ಲವೂ ವೃತ್ತಿಯ ತಪ್ಪಾಗಿ ಕಾಣುತ್ತದೆ. ತಿಂಗಳ ಕೊನೆಯ ಟಾರ್ಗೆಟ್ ವಾರ ಒಂದನ್ನೇ ನೋಡಿಯೂ ತೀರ್ಮಾನ ಬೇಡ. ಅದಕ್ಕೇ 6 ವಾರ ಎಂದದ್ದು. ‘ಸಾಹೇಬರು’ ಹೆಚ್ಚಾದರೆ ವಿಭಾಗ ಬದಲಿಸಿ, ‘ಕಂಪನಿ’ ಹೆಚ್ಚಾದರೆ ಬೇರೆ ಕಾರ್ಖಾನೆ ನೋಡಿ. ಜನರನ್ನು ನಡೆಸುವ ಕೆಲಸವೇ ಹಿಂಡುತ್ತಿದ್ದರೆ ಗುಣಮಟ್ಟ, ಪ್ಲಾನಿಂಗ್‌ನಂಥ ತಾಂತ್ರಿಕ ಹುದ್ದೆ ಕೇಳಿ. ಅದು ಸೋಲಲ್ಲ.

ಜೊತೆಗೆ, ಶಿಫ್ಟ್ ಬದಲಾಗುವಾಗ 10 ನಿಮಿಷ ಇಬ್ಬರು ಸೂಪರ್‌ವೈಸರ್‌ಗಳೊಡನೆ ನಿಂತು ಮಾತಾಡಿ. 3 ವಿಷಯ ಮೊದಲೇ ಚೀಟಿಯಲ್ಲಿ ಬರೆದಿರಲಿ. ಶುಕ್ರವಾರ ಸಾಹೇಬರಿಗೆ ಅರ್ಧ ಪುಟದ ವರದಿ ಕಳಿಸಿ: ಏನಾಯಿತು, ಏನು ಸಿಕ್ಕಿಕೊಂಡಿದೆ, ಮುಂದಿನ ವಾರದ ಯೋಜನೆ. ಮಿತಭಾಷಿಗಳ ಕಾಳಜಿ ಕಣ್ಣಿಗೆ ಬೀಳುವುದು ಹೀಗೆ.

ಅಂಗಡಿಯ ಆಸೆ ಆಗಲೂ ಉಳಿದಿದ್ದರೆ, 6 ತಿಂಗಳ ಮನೆಖರ್ಚು ಕೂಡಿಟ್ಟು, ಅಣ್ಣನ ಜೊತೆ ಪಾಲು-ಸಂಬಳ ಕಾಗದದ ಮೇಲೆ ಬರೆದುಕೊಂಡು ಹೊರಡಿ. 2 ವಾರಕ್ಕೂ ಮಿಕ್ಕಿ ನಿದ್ದೆ, ಊಟ ಕೆಟ್ಟಿದ್ದರೆ ಇದೆಲ್ಲಕ್ಕಿಂತ ಮುಂಚೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.