ಫಾರ್ಮ್ಯಾಟ್ ಆದ ಕಾರ್ಡಿನಲ್ಲಿ ಅಜ್ಜನ ಫೋಟೊಗಳು ಇನ್ನೂ ಉಳಿದಿರುತ್ತವೆಯೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಅಜ್ಜನ ಸಹಸ್ರಚಂದ್ರ ದರ್ಶನ ಶಾಂತಿಯ ಫೋಟೊಗಳು ಕಂಪ್ಯೂಟರಿಗೆ ಬಂದಾಗಿವೆ ಎಂದು ಭಾವಿಸಿ, 32 ಜಿಬಿ ಮೆಮೊರಿ ಕಾರ್ಡನ್ನು ಕ್ಯಾನನ್ ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿದಿರಿ. ಅದೇ ಕಾರ್ಡಿನಲ್ಲಿ ಇನ್ನೊಂದು ಇಪ್ಪತ್ತು ಫೋಟೊ ತೆಗೆದ ಮೇಲೆ, ಹಳೆಯವು ಎಲ್ಲಿಯೂ ಇಲ್ಲ ಎಂಬುದು ತಿಳಿಯಿತು. ಅವು ಮರಳಿ ಸಿಗುತ್ತವೆಯೇ?

ಬಹುಪಾಲು ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ನನಗೊಂದು ಸಂದೇಹವಿದೆ, ಅದನ್ನು ಕೊನೆಯಲ್ಲಿ ಕೇಳುತ್ತೇನೆ. ಮುಂದೆ ಓದುವ ಮೊದಲು ಕಾರ್ಡನ್ನು ಕ್ಯಾಮೆರಾದಿಂದ ಹೊರತೆಗೆಯಿರಿ. ಅದರ ಎಡಬದಿಯ ಅಂಚಿನಲ್ಲಿ ಒಂದು ಪುಟ್ಟ ಗುಂಡಿ ಇರುತ್ತದೆ, ಅದನ್ನು ಕೆಳಕ್ಕೆ ಸರಿಸಿ ಲಾಕ್ ಮಾಡಿ. ಇನ್ನು ಮೇಲೆ ಆ ಕಾರ್ಡಿಗೆ ಒಂದು ಅಕ್ಷರವೂ ಹೊಸದಾಗಿ ಬರೆಯಲ್ಪಡಬಾರದು.

ಕಾರಣ ಹೇಳುತ್ತೇನೆ. ಸಾಮಾನ್ಯ ಫಾರ್ಮ್ಯಾಟ್‌ನಲ್ಲಿ ಫೋಟೊ ಅಳಿಯುವುದಿಲ್ಲ; ಯಾವ ಫೋಟೊ ಕಾರ್ಡಿನ ಯಾವ ಜಾಗದಲ್ಲಿದೆ ಎಂಬ ದಾಖಲೆ ಮಾತ್ರ ಅಳಿಯುತ್ತದೆ. ಪಹಣಿಯಿಂದ ಹೆಸರು ತೆಗೆದ ಮಾತ್ರಕ್ಕೆ ಗದ್ದೆಯಲ್ಲಿ ನಿಂತ ಪೈರು ಮಾಯವಾಗುವುದಿಲ್ಲ, ಮತ್ತೊಬ್ಬರು ಬಂದು ನೇಗಿಲು ಹೂಡಿದಾಗಲಷ್ಟೇ ಹೋಗುತ್ತದೆ. ನಿಮ್ಮ ಹೊಸ ಇಪ್ಪತ್ತು ಫೋಟೊಗಳು ಅಂಥ ಉಳುಮೆ. ಒಂದೊಂದು ಏಳೆಂಟು ಎಂಬಿ ಎಂದುಕೊಂಡರೂ ಒಟ್ಟು ನೂರೈವತ್ತು ಎಂಬಿ ಆಸುಪಾಸು. 32 ಜಿಬಿಯಲ್ಲಿ ಅದು ಬದುವಿನಷ್ಟು ಜಾಗ. ಆದರೆ ಫಾರ್ಮ್ಯಾಟ್ ಆದ ಬಳಿಕ ಕ್ಯಾಮೆರಾ ಸಾಮಾನ್ಯವಾಗಿ ಕಾರ್ಡಿನ ಆರಂಭದಿಂದಲೇ ಬರೆಯುತ್ತಾ ಬರುತ್ತದೆ. ಅಂದರೆ ಹೋಗಿರುವುದಾದರೆ ಸಮಾರಂಭದ ಮೊಟ್ಟಮೊದಲ ಫೋಟೊಗಳು ಹೋಗಿರಬಹುದು, ಬೆಳಗಿನ ಗಣಪತಿ ಪೂಜೆಯದೋ ಪುಣ್ಯಾಹದ್ದೋ. ಆ ಹೊತ್ತಿಗೆ ಮೊಬೈಲಿನಲ್ಲಿ ಫೋಟೊ ತೆಗೆದ ನೆಂಟರು ಯಾರೆಂದು ಈಗಲೇ ನೆನಪು ಮಾಡಿಕೊಂಡು, ಅಳಿಸಬೇಡಿ ಎಂದು ಒಂದು ಕರೆ ಮಾಡಿ.

ನಾನು ಮಲೆನಾಡಿನ ಒಂದು ಚಿಕ್ಕ ಊರಿನಲ್ಲಿ ಸ್ಟುಡಿಯೊ ನಡೆಸುತ್ತೇನೆ. ಮೊದಲ ಸಲ ನನಗೆ ಇಂಥದೇ ಕಷ್ಟ ಬಂದದ್ದು ಒಂದು ಮದುವೆಯ ಕಾರ್ಡಿನಲ್ಲಿ. ಗಾಬರಿಯಲ್ಲಿ ಕೈಗೆ ಸಿಕ್ಕ ತಂತ್ರಾಂಶವೊಂದನ್ನು ಹಾಕಿಕೊಂಡೆ. ಅದು ಫೋಟೊಗಳನ್ನು ಒಂದೊಂದಾಗಿ ತೋರಿಸತೊಡಗಿದಾಗ ಕಣ್ಣಲ್ಲಿ ನೀರು ಬಂತು. ಎಲ್ಲಿ ಉಳಿಸಲಿ ಎಂದು ಅದು ಕೇಳಿತು. ನಾನು ಅದೇ ಕಾರ್ಡನ್ನು ತೋರಿಸಿದೆ. ಸಿಕ್ಕ ಫೋಟೊಗಳು ಇನ್ನೂ ಸಿಗದ ಫೋಟೊಗಳ ಮೇಲೆಯೇ ಬರೆಯುತ್ತಾ ಹೋದವು. ಮಂಟಪದ ಅಲಂಕಾರ, ಊಟದ ಪಂಕ್ತಿ ಎಲ್ಲ ಬಂತು. ಧಾರೆ ಎರೆದ ಹೊತ್ತಿನದು ಬರಲಿಲ್ಲ. ಹುಡುಗಿಯ ತಂದೆಯ ಮನೆಗೆ ಹೋಗಿ ಅದನ್ನು ಹೇಳಿದ ಸಂಜೆಯನ್ನು ನಾನು ಮರೆತಿಲ್ಲ. ಈ ಉತ್ತರವನ್ನು ಇಷ್ಟು ಉದ್ದಕ್ಕೆ ಬರೆಯುತ್ತಿರುವುದೂ ಅದಕ್ಕಾಗಿಯೇ.

ಹಾಗಾಗಿ ನೇರವಾಗಿ ಕಾರ್ಡಿನ ಮೇಲೆ ಕೆಲಸ ಮಾಡಬೇಡಿ. ಮೊದಲು ಇಡೀ ಕಾರ್ಡಿನ ನಕಲನ್ನು ಒಂದೇ ಫೈಲಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಫೋಲ್ಡರ್ ತೆರೆದು ಕಾಪಿ ಮಾಡುವ ನಕಲಲ್ಲ ಇದು. ಖಾಲಿ ಎಂದು ಕಾಣುವ ಜಾಗವೂ ಸೇರಿ ಕಾರ್ಡಿನ ಪ್ರತಿ ಬೈಟೂ ಬರಬೇಕು. ಕಾರ್ಡ್ 32 ಜಿಬಿ ಇದ್ದರೆ ಫೈಲೂ ಅಷ್ಟೇ ದೊಡ್ಡದಾಗುತ್ತದೆ, ಡಿಸ್ಕಿನಲ್ಲಿ ಜಾಗ ನೋಡಿಕೊಳ್ಳಿ. ವಿಂಡೋಸ್‌ನಲ್ಲಿ ವಿನ್32 ಡಿಸ್ಕ್ ಇಮೇಜರ್ ಈ ಕೆಲಸ ಮಾಡುತ್ತದೆ. ಅದರಲ್ಲಿ ಒತ್ತಬೇಕಾದದ್ದು ‘ರೀಡ್’ ಗುಂಡಿ. ‘ರೈಟ್’ ಒತ್ತಿದರೆ ಕೆಲಸ ತಿರುವುಮುರುವಾಗುತ್ತದೆ. ಲಾಕ್ ಮಾಡಿ ಎಂದದ್ದು ಇಂಥ ಕೈತಪ್ಪಿಗೂ ಸೇರಿ. ಲಿನಕ್ಸ್ ಬಳಸುವವರಾದರೆ ಡಿಡಿರೆಸ್ಕ್ಯೂ ಇನ್ನೂ ಒಳ್ಳೆಯದು, ಓದಲು ತೊಡಕಾಗುವ ಭಾಗಗಳನ್ನು ಬದಿಗಿಟ್ಟು ಉಳಿದದ್ದನ್ನು ಮೊದಲು ತರುತ್ತದೆ. ಕ್ಯಾಮೆರಾವನ್ನು ಕೇಬಲಿನಿಂದ ಜೋಡಿಸಿದರೆ ಸಾಮಾನ್ಯವಾಗಿ ಇದು ಆಗುವುದಿಲ್ಲ. ಕಾರ್ಡ್ ರೀಡರ್ ಬೇಕು.

ಈ ನಡುವೆ ಕಂಪ್ಯೂಟರ್ ‘ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂದೋ ‘ದೋಷವಿದೆ, ಸರಿಪಡಿಸಲೇ’ ಎಂದೋ ಕೇಳಿದರೆ ಬೇಡ ಎನ್ನಿ. ಆ ದುರಸ್ತಿಯೂ ಕಾರ್ಡಿಗೆ ಬರೆಯುವ ಕೆಲಸವೇ.

ನಕಲು ಕೈಗೆ ಬಂದ ಮೇಲೆ ಫೋಟೊರೆಕ್ ಬಳಸಿ. ಕ್ರಿಸ್ಟೋಫ್ ಗ್ರೆನಿಯೆ ಎಂಬವರು ಬರೆದು ಎಲ್ಲರಿಗೂ ಉಚಿತವಾಗಿ, ಮೂಲ ಸಂಕೇತದ ಸಮೇತ ಕೊಟ್ಟಿರುವ ತಂತ್ರಾಂಶ ಅದು; ಟೆಸ್ಟ್‌ಡಿಸ್ಕ್ ಎಂಬ ಅವರದೇ ಇನ್ನೊಂದು ತಂತ್ರಾಂಶದ ಜೊತೆಯಲ್ಲಿಯೇ ಬರುತ್ತದೆ. ಕಪ್ಪು ಪರದೆಯ ಮೇಲೆ ಅಕ್ಷರಗಳಷ್ಟೇ ಕಾಣುವುದು ಇಷ್ಟವಾಗದಿದ್ದರೆ ಕ್ಯೂಫೋಟೊರೆಕ್ ತೆರೆಯಿರಿ, ಅದರಲ್ಲಿ ಮೌಸ್ ಸಾಕು. ನಕಲಿನ ಫೈಲನ್ನು ಅದಕ್ಕೆ ಕೊಡಿ. ಖಾಲಿ ಜಾಗದಲ್ಲಿ ಮಾತ್ರ ಹುಡುಕಲೋ ಪೂರ್ತಿ ಹುಡುಕಲೋ ಎಂದರೆ ಪೂರ್ತಿ ಎನ್ನಿ. ಸಿಕ್ಕದ್ದನ್ನು ಕಂಪ್ಯೂಟರಿನ ಹೊಸ ಫೋಲ್ಡರಿನಲ್ಲಿ ಉಳಿಸಿ.

ಫೋಟೊರೆಕ್ ಹುಡುಕುವ ರೀತಿಯೇ ಬೇರೆ. ಅಳಿದ ದಾಖಲೆಯ ಗೊಡವೆಗೆ ಹೋಗದೆ ಫೋಟೊಗಳ ಗುರುತನ್ನೇ ಅರಸುತ್ತದೆ. ಪ್ರತಿ ಜೆಪೆಗ್ ಫೋಟೊ ಎಫ್‌ಎಫ್ ಡಿ8 ಎಂಬ ಎರಡು ಬೈಟುಗಳಿಂದ ಶುರುವಾಗುತ್ತದೆ. ಆ ಗುರುತು ಕಂಡಲ್ಲಿಂದ ಓದುತ್ತಾ ಹೋಗಿ ಒಂದು ಫೋಟೊವನ್ನು ಕತ್ತರಿಸಿ ತೆಗೆಯುತ್ತದೆ. ಹೆಸರುಗಳು ದಾಖಲೆಯ ಜೊತೆಗೇ ಹೋಗಿರುವುದರಿಂದ ಐಎಂಜಿ ಎಂದು ಶುರುವಾಗುವ ಹಳೆಯ ಹೆಸರುಗಳು ಬರುವುದಿಲ್ಲ. ಎಫ್ ಅಕ್ಷರದ ಮುಂದೆ ಉದ್ದನೆಯ ಅಂಕಿಗಳಿರುವ ಹೆಸರುಗಳು ಬರುತ್ತವೆ. ಸಾವಿರ ಫೋಟೊ ಕಲಸಿಹೋಗಿವೆ ಎಂದು ಎದೆಗುಂದಬೇಡಿ. ತೆಗೆದ ದಿನ ಮತ್ತು ಸಮಯ ಪ್ರತಿ ಫೋಟೊದ ಒಳಗೇ ಇರುತ್ತದೆ. ಎಕ್ಸಿಫ್‌ಟೂಲ್ ಅದನ್ನು ಓದಿ ಫೈಲುಗಳಿಗೆ ಹೊಸ ಹೆಸರಿಟ್ಟುಕೊಡುತ್ತದೆ, ಪೂಜೆಯಿಂದ ಊಟದವರೆಗೆ ಮತ್ತೆ ಸಾಲಾಗಿ ನಿಲ್ಲುತ್ತವೆ.

ಕೆಲವು ಫೋಟೊಗಳಲ್ಲಿ ಮೇಲಿನ ಭಾಗ ಸರಿಯಿದ್ದು ಕೆಳಗೆ ಬರೀ ಬೂದು ಬಣ್ಣ ಕಾಣಬಹುದು. ಅವನ್ನು ಅಳಿಸಬೇಡಿ. ಅಜ್ಜನ ಮುಖ ಮೇಲಿನರ್ಧದಲ್ಲಿ ಇದ್ದರೆ ಅಷ್ಟನ್ನೇ ಕತ್ತರಿಸಿ ಮುದ್ರಿಸಿಕೊಳ್ಳಬಹುದು, ನಾನು ಹಾಗೆ ಮಾಡಿಕೊಟ್ಟಿದ್ದೇನೆ. ವಿಡಿಯೊ ಇದ್ದರೆ ಅದರ ಪಾಡು ಕಷ್ಟ. ದೊಡ್ಡ ಫೈಲು ಕಾರ್ಡಿನಲ್ಲಿ ತುಂಡುತುಂಡಾಗಿ ಕುಳಿತಿರಬಹುದು, ತುಂಡುಗಳನ್ನು ಜೋಡಿಸಲು ಬೇಕಾದ ದಾಖಲೆಯೇ ಈಗ ಇಲ್ಲ.

ಕಾರ್ಡ್ ಕಂಪ್ಯೂಟರಿನಲ್ಲಿ ಕಾಣದಿದ್ದರೆ, ಬಿಸಿಯಾಗುತ್ತಿದ್ದರೆ, ಇವುಗಳಲ್ಲಿ ಯಾವುದನ್ನೂ ಮಾಡದೆ ದತ್ತಾಂಶ ಮರುಪಡೆಯುವ ಪ್ರಯೋಗಾಲಯಕ್ಕೆ ಕೊಡಿ.

ಈಗ ನನ್ನ ಸಂದೇಹ. ಕ್ಯಾನನ್ ಕ್ಯಾಮೆರಾಗಳ ಫಾರ್ಮ್ಯಾಟ್ ಪರದೆಯಲ್ಲಿ ‘ಲೋ ಲೆವೆಲ್ ಫಾರ್ಮ್ಯಾಟ್’ ಎಂಬ ಒಂದು ಚೌಕ ಇರುತ್ತದೆ. ಅದರಲ್ಲಿ ಗುರುತು ಬಿದ್ದಿದ್ದರೆ ದಾಖಲೆಯ ಜೊತೆಗೆ ಫೋಟೊಗಳನ್ನೂ ಅಳಿಸಿಬಿಡುತ್ತದೆ, ಮಾಮೂಲಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಹಾಗಾಗಿದ್ದರೆ ಫೋಟೊರೆಕ್ ಕೈಯಲ್ಲಿ ಏನೂ ಆಗದು, ನಿಮಗೆ ಸುಳ್ಳು ಭರವಸೆ ಕೊಡಲಾರೆ. ಆ ದಿನ ಫಾರ್ಮ್ಯಾಟ್ ಥಟ್ಟನೆ ಮುಗಿಯಿತೇ ಅಥವಾ ಸ್ವಲ್ಪ ಹೊತ್ತು ಕಾಯಬೇಕಾಯಿತೇ, ನೆನಪು ಮಾಡಿಕೊಂಡು ಇಲ್ಲಿಯೇ ಬರೆಯಿರಿ. ಏನೇ ಇದ್ದರೂ ಇವತ್ತು ರಾತ್ರಿ ನಕಲು ತೆಗೆದಿಡಿ.