ಸ್ವಂತ ಹಾಡು ಶುರುವಾದರೆ ಜನ ಬೋಂಡಾ ಅಂಗಡಿಗೆ

ಪ್ರಶ್ನೆ: ಸಾರ್, ನಾವು ಐದು ಜನ ಗೆಳೆಯರು ಸೇರಿ ಬ್ಯಾಂಡ್ ಕಟ್ಟಿದ್ದೇವೆ. ಗಣೇಶನ ಹಬ್ಬ, ರಾಜ್ಯೋತ್ಸವ, ಆರತಕ್ಷತೆ ಅಂತ ಕಾರ್ಯಕ್ರಮ ಸಿಗುತ್ತವೆ. ಸಿನಿಮಾ ಹಾಡಿಗೆ ಜನ ಕುಣಿಯುತ್ತಾರೆ. ನಮ್ಮದೇ ಹಾಡು ಶುರುವಾದರೆ ಎದ್ದು ಬೋಂಡಾ ಅಂಗಡಿಗೆ ಹೋಗುತ್ತಾರೆ. ಸ್ವಂತ ಹಾಡು ಬಿಟ್ಟುಬಿಡೋಣವೇ? ಸಿನಿಮಾ ಹಾಡಿಗೆ ಲೈಸೆನ್ಸ್ ಬೇಕೆಂದು ಒಬ್ಬರು ಹೆದರಿಸಿದ್ದಾರೆ, ನಿಜವೇ?
– ಹೆಸರು ಬೇಡ, ಸಾಗರ

ಉತ್ತರ: ಬಿಡಬೇಡಿ. ಹಾಡುಗಳ ಪಟ್ಟಿಯಲ್ಲಿ ಅದರ ಜಾಗ ಬದಲಿಸಿ.

ಅರಸೀಕೆರೆ ಸುತ್ತಮುತ್ತ ಇಪ್ಪತ್ತೆರಡು ವರ್ಷ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದವನು ನಾನು. ಮೊದಮೊದಲು ನಮ್ಮ ಸ್ವಂತ ಹಾಡನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆವು, ಭೋಜನದ ಕೊನೆಗೆ ಪಾಯಸದ ಹಾಗೆ. ರಾತ್ರಿ 10 ಆದರೆ ಮೈಕ್ ಬಂದ್, ಕಾನೂನೇ ಹಾಗಿದೆ. ಭಾಷಣದವರು ಅರ್ಧ ಗಂಟೆ ಎಳೆದರೆ ಕತ್ತರಿ ಬೀಳುವುದು ನಮ್ಮ ಹಾಡಿಗೇ. ಆಮೇಲೆ ಮೊದಲಿಗೆ ಹಾಕಿದೆವು. ಆಗ ಎದುರಿಗೆ ಕೂತಿದ್ದವರು ಚಾಪೆ ಹಿಡಿದ ಮಕ್ಕಳು ಮತ್ತು ಪೆಂಡಾಲಿನವನು.

ಒಂದು ಜಾತ್ರೆಯಲ್ಲಿ ನಮ್ಮ ನಿರೂಪಕ "ಈಗ ನಮ್ಮದೇ ರಚನೆ, ದಯವಿಟ್ಟು ಪ್ರೋತ್ಸಾಹಿಸಿ" ಅಂದ. ಪ್ರೋತ್ಸಾಹ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಅರ್ಧ ಜನ ಎದ್ದರು. ಬೇಡಿಕೊಂಡರೆ ಯಾರು ಕೂರುತ್ತಾರೆ, ಅಲ್ವಾ?

ಮುಂದಿನ ಸಲ ಬಾಣಾವರದಲ್ಲಿ ಹೇಳಲೇ ಇಲ್ಲ. ಆರನೆಯದಾಗಿ ಒಂದು ಹಿಟ್ ಡ್ಯುಯೆಟ್ ಹಾಡಿದೆವು. ಹಾಡು ಮುಗಿದರೂ ತಾಳದ ಪ್ಯಾಡ್ ನಿಲ್ಲಿಸಲಿಲ್ಲ. ಚಪ್ಪಾಳೆ ಬೀಳುತ್ತಿರುವಾಗಲೇ ಅದೇ ಶ್ರುತಿ, ಅದೇ ತಾಳದಲ್ಲಿ ನಮ್ಮ ಹಾಡು ಎತ್ತಿಕೊಂಡೆವು. ಲಾಸ್ಟ್ ಬಸ್ ತಪ್ಪಿಸಿಕೊಂಡವನ ಹಾಡು. ಹಾಡಿಗೆ ಮುಂಚೆ ಕೀಬೋರ್ಡಿನಲ್ಲಿ ಬರುತ್ತಿದ್ದ ನನ್ನ ಉದ್ದನೆಯ ಬಿಜಿಎಮ್ ಕಿತ್ತುಹಾಕಿ ನೇರ ಪಲ್ಲವಿಗೇ ಹೋದೆವು. (ಆ ಬಿಜಿಎಮ್ ಬಗ್ಗೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.) ಸ್ವಲ್ಪ ಹೊತ್ತಿಗೆ ಒಂದು ಚೀಟಿ ಬಂತು. ಬಸ್ ಟಿಕೆಟಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿತ್ತು: "ಬಸ್ಸಿನ ಹಾಡು ಇನ್ನೊಂದು ಸಲ. ಯಾವ ಫಿಲಂದು?" ನಮ್ಮ ಗಾಯಕಿ ಉತ್ತರ ಹೇಳಲಿಲ್ಲ. ಸುಮ್ನೆ ಇನ್ನೊಂದು ಸಲ ಹಾಡಿದಳು.

ಒಂದು ಕಾರ್ಯಕ್ರಮಕ್ಕೆ ಎರಡು ಸ್ವಂತ ಹಾಡು ಸಾಕು. ಜಾಸ್ತಿ ಬೇಡ. ಆ ಎರಡನ್ನೇ ಊರೂರಲ್ಲಿ ಹಾಡಿ.

ಲೈಸೆನ್ಸ್ ವಿಚಾರ. ಹೆದರಿಸಿದವರು ಅರ್ಧ ಸರಿ. ಮದುವೆ, ಅದಕ್ಕೆ ಸೇರಿದ ಮೆರವಣಿಗೆ, ಸಂಭ್ರಮಗಳಿಗೆ 1957ರ ಕಾಪಿರೈಟ್ ಕಾಯ್ದೆಯಲ್ಲೇ ವಿನಾಯಿತಿ ಇದೆ. ಆರತಕ್ಷತೆಗೆ ನಿಶ್ಚಿಂತೆಯಿಂದ ಹೋಗಿ. ಮದುವೆಗೆ ಸಂಬಂಧವಿಲ್ಲದ ಹೋಟೆಲು, ರೆಸಾರ್ಟು ಕಾರ್ಯಕ್ರಮ, ಟಿಕೆಟ್ ಇಟ್ಟ ಶೋ ಆದರೆ ಲೈಸೆನ್ಸ್ ಬೇಕು. ಸಾಹಿತ್ಯ ಬರೆದವರು, ರಾಗ ಹಾಕಿದವರ ಪರವಾಗಿ ಐಪಿಆರ್‌ಎಸ್ ಎಂಬ ಸಂಸ್ಥೆ ಅದನ್ನು ಕೊಡುತ್ತದೆ. ಲೈಸೆನ್ಸ್ ಆಯೋಜಕರೇ ಮಾಡಿಸಲಿ ಅಂತ ಅಡ್ವಾನ್ಸ್ ಪಡೆಯುವಾಗಲೇ ಬರೆಸಿಕೊಳ್ಳಿ. ಸಿನಿಮಾ ಹಾಡನ್ನು ನೀವೇ ರೆಕಾರ್ಡ್ ಮಾಡಿ ಮಾರುವುದು ಬೇರೆ ಕಥೆ, ಅದಕ್ಕೆ ಬೇರೆ ಅನುಮತಿ.

ನೀವು ಕೇಳದ ಒಂದು ಮಾತು. ನಿಮ್ಮ ಸ್ವಂತ ಹಾಡಿನ ಹಕ್ಕು ಅದನ್ನು ಬರೆದ ಕ್ಷಣದಿಂದಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಆದರೆ ಸಾಹಿತ್ಯ ಯಾರದು, ರಾಗ ಯಾರದು ಅಂತ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ, ಐವರೂ ಸಹಿ ಮಾಡಿಡಿ. ನಾವು ಮಾಡಲಿಲ್ಲ. ಆ ಬಸ್ಸಿನ ಹಾಡು ತನ್ನದು ಅಂತ ನಮ್ಮ ಪ್ಯಾಡಿನವನು ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ.